‘ಬಾಯುರಿಗೆ ಖಾರವೇ ಕಾರಣ’: ಬರಹಗಾರರಿಗೆ ಉತ್ತರ

ನಮಸ್ಕಾರ. ದಾವಣಗೆರೆಯಿಂದ ನೀವು ಕಳಿಸಿದ ‘ಬಾಯುರಿಗೆ ಖಾರವೇ ಕಾರಣ’ ಲೇಖನ ಓದಿದೆವು. ಬಾಯುರಿಗೆಲ್ಲ ಖಾರವೇ ಕಾರಣ, ಖಾರ ಬಿಟ್ಟರೆ ಸರಿಹೋಗುತ್ತದೆ ಎನ್ನುತ್ತೀರಿ. ಈಗಿರುವ ಹಾಗೆ ಹಾಕಲಾಗದು. ವಿಷಯ ಗಟ್ಟಿಯಾಗಿದೆ, ತಿದ್ದಿ ಕಳಿಸಿ.

ಮೊದಲ ಎರಡು ಪ್ಯಾರಾ ಬೇಡ. ಬೆಣ್ಣೆದೋಸೆಗೂ ಬಾಯುರಿಗೂ ಏನು ಸಂಬಂಧ? ಮಂಡಕ್ಕಿ–ಮಿರ್ಚಿ ಇರಲಿ, ಅಲ್ಲಿಂದಲೇ ಶುರು ಮಾಡಿ.

‘ಅಯಾನ್ ಕಾಲುವೆ’ ಎಂದು ಬರೆದು, ವಿವರಿಸದೆ ಮುಂದೆ ಹೋಗಿಬಿಟ್ಟಿದ್ದೀರಿ. ಸೋಡಿಯಂ, ಕ್ಯಾಲ್ಸಿಯಂನಂಥ ವಿದ್ಯುದಾವೇಶದ ಕಣಗಳು (ಅಯಾನ್) ಕೋಶದೊಳಗೆ ಹಾಯುವ ದಾರಿ ಅದು. ಭದ್ರಾ ನಾಲೆ ನೋಡಿ ಬೆಳೆದವರಿಗೆ ನಾಲೆಗಿಂತ ತೂಬಿನ ಮಾತು ಬೇಗ ಅರ್ಥವಾಗುತ್ತದೆ. ಟಿಆರ್‌ಪಿವಿ1 ಎಂಬುದು ನರತುದಿಯ ಪೊರೆಯಲ್ಲಿ ಕೂತ ಪ್ರೋಟೀನಿನ ತೂಬು. ಕ್ಯಾಲ್ಸಿಯಂ ಕೋಶದ ಒಳಗಿರುವುದಕ್ಕಿಂತ ಸುಮಾರು 10,000 ಪಟ್ಟು ಹೊರಗಿರುತ್ತದೆ. ತೂಬು ತೆರೆದರೆ ಸೋಡಿಯಂ ಜೊತೆ ಅದೂ ಒಳನುಗ್ಗಿ, ‘ಬಿಸಿ’ ಎಂಬ ಸುದ್ದಿ ಮಿದುಳಿಗೆ ಹೋಗುತ್ತದೆ. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಶಾಖವೂ ಇದನ್ನು ತೆರೆಯುತ್ತದೆ, ಮೆಣಸಿನಕಾಯಿಗೆ ಖಾರ ಕೊಡುವ ಕ್ಯಾಪ್ಸೈಸಿನ್ನೂ ತೆರೆಯುತ್ತದೆ. ಮಿರ್ಚಿ ತಿಂದಾಗ ಬಾಯಿ ಸುಟ್ಟಿರುವುದಿಲ್ಲ, ಸುಟ್ಟಿತೆಂಬ ಸುದ್ದಿ ಮಾತ್ರ ಹೋಗಿರುತ್ತದೆ. ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ. ‘ತಣ್ಣೀರು ಕುಡಿಯಿರಿ’ ಎಂಬಲ್ಲಿ ‘ಹಾಲು, ಮಜ್ಜಿಗೆ’ ಎಂದು ಮಾಡಿ.

ಹುಣ್ಣಾದ ಬಾಯಿಗೆ ಉಗುರುಬೆಚ್ಚಗಿನ ಸಾರೂ ಏಕೆ ಉರಿಯುತ್ತದೆ? ಲೇಖನದ ಜೀವ ಇದು, ನೀವು ಮುಟ್ಟಿಯೇ ಇಲ್ಲ. ಉರಿಯೂತದ ಜಾಗದಲ್ಲಿ ಸೇರುವ ಪ್ರೋಸ್ಟಾಗ್ಲಾಂಡಿನ್, ಬ್ರಾಡಿಕಿನಿನ್ ಎಂಬ ದೇಹದ್ದೇ ರಾಸಾಯನಿಕಗಳು, ಆಮ್ಲ ಇವೆಲ್ಲ ಆ 43ರ ಮಿತಿಯನ್ನು ಕೆಳಗೆಳೆಯುತ್ತವೆ. ಅದು ಮೈಬಿಸಿಯ ಹತ್ತಿರಕ್ಕಿಳಿದರೆ ಬಾಯ ಸ್ವಂತ ಬಿಸಿಯೇ ತೂಬು ತೆರೆಯಲು ಸಾಕು. ಒಂದು ಪೂರ್ತಿ ಪ್ಯಾರಾ ಇದಕ್ಕೇ ಕೊಡಿ.

ಟಿಆರ್‌ಪಿವಿ3 ಎಂಬ ಇನ್ನೊಂದು ತೂಬು ಬಾಯಿಯ ಒಳಪದರದ ಜೀವಕೋಶಗಳಲ್ಲಿದೆ. ಅದಿಲ್ಲದ ಇಲಿಗಳಲ್ಲಿ ಹಲ್ಲು ಕಿತ್ತ ಗಾಯ ನಿಧಾನವಾಗಿ ಮಾಯುತ್ತದೆ. ಇಲಿಗಳಲ್ಲಿ ಕಂಡದ್ದನ್ನು ‘ಮನುಷ್ಯರಲ್ಲಿ ಸಾಬೀತಾಗಿದೆ’ ಎಂದು ಬರೆದಿದ್ದೀರಿ. ಲವಂಗದ ಯೂಜಿನಾಲ್ ಈ ತೂಬನ್ನು ತೆರೆಯುತ್ತದೆ, ನಿಜ. ಆದ್ದರಿಂದ ಲವಂಗದೆಣ್ಣೆ ಹಚ್ಚಿದರೆ ಹುಣ್ಣು ಮಾಯುತ್ತದೆಂಬ ನೆಗೆತಕ್ಕೆ ಆಧಾರವಿಲ್ಲ. ಬೆರಕೆಯಿಲ್ಲದ ಎಣ್ಣೆ ಒಳಚರ್ಮವನ್ನೇ ಸುಟ್ಟೀತು. ಆ ಸಾಲು ಹೊಡೆದುಹಾಕಿ.

ನಮ್ಮ ದೊಡ್ಡ ತಕರಾರು ಅಡಿಕೆಯದು. ಚನ್ನಗಿರಿಯ ಅಡಿಕೆ ಸೀಮೆ ಪಕ್ಕದಲ್ಲೇ ಇದ್ದೂ ಅದರ ಹೆಸರೆತ್ತಿಲ್ಲ. ಅಡಿಕೆ, ಗುಟ್ಕಾ ಜಗಿಯುವವರಿಗೆ ಖಾರ ಮುಟ್ಟಿದೊಡನೆ ಉರಿ ಏಳುವುದು ಸಬ್‌ಮ್ಯೂಕಸ್ ಫೈಬ್ರೋಸಿಸ್ (ಬಾಯಿಯ ಒಳಪದರದಡಿ ನಾರು ಬೆಳೆಯುವ ರೋಗ) ಎಂಬುದರ ಮೊದಲ ಲಕ್ಷಣವಾಗಿರಬಹುದು. ಕೆನ್ನೆಯ ಒಳಭಾಗ ಬಿಳಿಚಿ, ಪಟ್ಟಿ ಪಟ್ಟಿಯಾಗಿ ಬಿಗಿದು, ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಮುಂದೆ ಕ್ಯಾನ್ಸರಿಗೂ ತಿರುಗಬಹುದು. ಅಂಥವರು ‘ಖಾರ ಬಿಡಿ, ಸರಿಹೋಗುತ್ತದೆ’ ಎಂಬ ನಿಮ್ಮ ಸಲಹೆ ನಂಬಿದರೆ ಉರಿ ತಗ್ಗೀತು, ರೋಗ ಬೆಳೆಯುತ್ತಲೇ ಇರುತ್ತದೆ. ಅದರ ಬದಲು ಹೀಗೆ ಬರೆಯಿರಿ: ತಮ್ಮದೇ ಮೂರು ಬೆರಳು (ತೋರು, ನಡು, ಉಂಗುರ) ಒಂದರ ಮೇಲೊಂದು ನಿಲ್ಲಿಸಿ ಮೇಲಿನ, ಕೆಳಗಿನ ಮುಂಹಲ್ಲುಗಳ ನಡುವೆ ಇಟ್ಟು ನೋಡುವುದು. ಹಿಡಿಸದಿದ್ದರೆ, ಅಥವಾ ಹುಣ್ಣು 2 ವಾರ ದಾಟಿದರೆ, ದಂತವೈದ್ಯರಿಗೆ ತೋರಿಸುವುದು.

ತಿದ್ದಿದ ಪ್ರತಿ 700 ಪದ ಮೀರದಿರಲಿ. ಶೀರ್ಷಿಕೆಯನ್ನಂತೂ ಬದಲಿಸಲೇಬೇಕು.