ಓದುಗರ ಪ್ರಶ್ನೆಗೆ ಉತ್ತರ: ಗೊಂಬೆಯ ಗುಂಗುರು ಕೂದಲು

ಪ್ರಶ್ನೆ: ಮನೆಯಲ್ಲಿ ಬಟ್ಟೆಯ ಗೊಂಬೆಗಳನ್ನು ಹೊಲಿದು ಮಾರುತ್ತೇನೆ. ಪೇಟೆಯಿಂದ ತಂದ ಕೃತಕ ಕೂದಲನ್ನು ಕಡ್ಡಿಗೆ ಸುತ್ತಿ ಬಿಸಿನೀರಿನಲ್ಲಿ ಅದ್ದಿದರೆ ಒಮ್ಮೆ ಸುರುಳಿ ಚೆನ್ನಾಗಿ ನಿಲ್ಲುತ್ತದೆ, ಇನ್ನೊಮ್ಮೆ ವಾರದೊಳಗೆ ಜೋತುಬೀಳುತ್ತದೆ. ಕಾರ್ಖಾನೆಯಲ್ಲಿ ಎಳೆ ತೆಗೆಯುವಾಗಲೇ ಗುಂಗುರು ಮಾಡುತ್ತಾರೆಯೇ? ನನ್ನ ತಪ್ಪು ಎಲ್ಲಿದೆ?
– ಓದುಗರೊಬ್ಬರು, ಗದಗ

ಉತ್ತರ: ತಪ್ಪು ನಿಮ್ಮ ಕೈಯದಲ್ಲ, ಬಹುಮಟ್ಟಿಗೆ ಎಳೆಯದು. ‘ಕೃತಕ ಕೂದಲು’ ಎಂಬ ಒಂದೇ ಹೆಸರಿನಲ್ಲಿ ನೈಲಾನ್, ಪಾಲಿಪ್ರೊಪಿಲೀನ್, ಪಾಲಿಯೆಸ್ಟರ್ ಎಲ್ಲವೂ ಮಾರಾಟವಾಗುತ್ತವೆ. ಚೌರಿ ಮಾರುವ ಅಂಗಡಿಯವರನ್ನು ಕೇಳಿದರೆ ಅವರಿಗೂ ಇವುಗಳ ವ್ಯತ್ಯಾಸ ತಿಳಿದಿರುವುದು ಅಪರೂಪ.

ನೈಲಾನ್ ಎಳೆಯನ್ನು ತೆಗೆಯುವ ಬಗೆ ಶ್ಯಾವಿಗೆ ಒತ್ತುವುದನ್ನು ಹೋಲುತ್ತದೆ. ಚೆನ್ನಾಗಿ ಒಣಗಿಸಿದ ನೈಲಾನ್ ಹರಳುಗಳನ್ನು ಬಣ್ಣದೊಂದಿಗೆ ಕರಗಿಸಿ (ನೈಲಾನಿನ ಒಂದು ಬಗೆಯಾದ ನೈಲಾನ್ 6 ಕರಗುವುದು ಸುಮಾರು 220 ಡಿಗ್ರಿ ಸೆಲ್ಸಿಯಸ್‌ನಲ್ಲಿ), ಸಣ್ಣ ತೂತುಗಳಿರುವ ಲೋಹದ ಬಿಲ್ಲೆಯ ಮೂಲಕ ಒತ್ತಿ, ಹೊರಬಂದ ಎಳೆಗಳನ್ನು ನೀರಿನಲ್ಲಿ ಹಾಯಿಸಿ ಗಟ್ಟಿಮಾಡುತ್ತಾರೆ. ಶ್ಯಾವಿಗೆಯ ಹೋಲಿಕೆ ಇಲ್ಲಿಗೆ ಮುಗಿಯಿತು, ಏಕೆಂದರೆ ಮುಂದೆ ಆ ಎಳೆಯನ್ನು ಉರುಳೆಗಳ ನಡುವೆ ಮೂಲ ಉದ್ದದ ಹಲವು ಪಟ್ಟು ಎಳೆಯುತ್ತಾರೆ. ಸಿಕ್ಕುಗಟ್ಟಿಕೊಂಡಿದ್ದ ಉದ್ದನೆಯ ಅಣುಸರಪಳಿಗಳು ಆಗ ಒಂದೇ ದಿಕ್ಕಿಗೆ ಹೊಂದಿಕೊಳ್ಳುತ್ತವೆ. ಎಳೆಗೆ ಬಲವೂ ಕೂದಲಿನ ನುಣುಪೂ ಬರುವುದು ಆ ಹೊಂದಾಣಿಕೆಯಿಂದ. ತೂತು ದುಂಡಗಿದ್ದರೆ ಎಳೆ ಗಾಜಿನಂತೆ ಮಿಂಚುತ್ತದೆ, ಆದ್ದರಿಂದ ಹೊಳಪು ಮುರಿಯಲು ತೂತಿನ ಆಕಾರವನ್ನೇ ಬದಲಿಸುವುದುಂಟು.

ಇಷ್ಟಾದರೂ ಎಳೆ ಇನ್ನೂ ನೆಟ್ಟಗೇ ಇರುತ್ತದೆ. ಸಾಮಾನ್ಯವಾಗಿ ಗುಂಗುರು ಬರುವುದು ಆಮೇಲೆ: ಎಳೆಗಳ ಕಟ್ಟನ್ನು ಲೋಹದ ಸರಳುಗಳಿಗೆ ಬಿಗಿಯಾಗಿ ಸುತ್ತಿ, ಕರಗುವ ಮಟ್ಟಕ್ಕಿಂತ ಸಾಕಷ್ಟು ಕೆಳಗಿನ ಶಾಖದಲ್ಲಿ ಒಲೆಯಲ್ಲಿಟ್ಟು, ಪೂರ್ತಿ ತಣಿದ ಮೇಲೆ ಬಿಚ್ಚುತ್ತಾರೆ. ನೀವು ಬಿಸಿನೀರಿನಲ್ಲಿ ಮಾಡುತ್ತಿರುವುದೂ ಇದನ್ನೇ.

ಈಗ ಜೋತುಬೀಳುವ ವಿಷಯ. ಎಳೆಯೊಳಗೆ ಅಣುಗಳು ಸಾಲಾಗಿ ಜೋಡಣೆಗೊಂಡ ಭಾಗಗಳೂ ಇವೆ, ಅಡ್ಡಾದಿಡ್ಡಿ ಬಿದ್ದಿರುವ ಭಾಗಗಳೂ ಇವೆ. ಒಂದು ನಿರ್ದಿಷ್ಟ ಶಾಖವನ್ನು ದಾಟಿದಾಗ ಅಡ್ಡಾದಿಡ್ಡಿ ಭಾಗಗಳು ಸಡಿಲಗೊಂಡು ಹೊಸ ಬಾಗಿಗೆ ಒಗ್ಗುತ್ತವೆ, ತಣಿದಾಗ ಆ ಬಾಗಿನಲ್ಲೇ ಹೆಪ್ಪುಗಟ್ಟುತ್ತವೆ. ಒಣ ನೈಲಾನಿಗೆ ಆ ಮಟ್ಟ ಸುಮಾರು 50 ಡಿಗ್ರಿ, ನೀರು ಹೀರಿಕೊಂಡರೆ ಇನ್ನೂ ಕಡಿಮೆ. ಹಾಗಾಗಿ ಕುದಿದಿಳಿಸಿದ ನೀರು ಅದಕ್ಕೆ ಧಾರಾಳ ಸಾಕು. ಅಗ್ಗದ ಪಾಲಿಪ್ರೊಪಿಲೀನಿಗೆ ಆ ಮಟ್ಟ ಸೊನ್ನೆ ಡಿಗ್ರಿಗಿಂತ ಕೆಳಗಿದೆ. ಅಂದರೆ ಗದಗಿನ ಬಿಸಿಲಿನಲ್ಲಿರಲಿ, ಡಿಸೆಂಬರಿನ ಚಳಿಯಲ್ಲೂ ಅದರ ಒಳಭಾಗ ಹೆಪ್ಪುಗಟ್ಟುವುದೇ ಇಲ್ಲ, ಸುರುಳಿ ತನ್ನ ಭಾರಕ್ಕೆ ತಾನೇ ನಿಧಾನವಾಗಿ ಸಡಿಲವಾಗುತ್ತದೆ.

ಎಳೆ ಯಾವುದೆಂದು ಗುರುತಿಸಲು ಒಂದು ಲೋಟ ನೀರಿಗೆ ಒಂದು ಹನಿ ಸಾಬೂನು ದ್ರಾವಣ ಬೆರೆಸಿ, ಎಳೆಯ ತುಂಡುಗಳನ್ನು ಬೆರಳಿನಿಂದ ಒತ್ತಿ ಗಾಳಿಗುಳ್ಳೆ ಹೋಗುವಂತೆ ಮುಳುಗಿಸಿಬಿಡಿ. ತೇಲಿ ಮೇಲೆ ಬಂದರೆ ಪಾಲಿಪ್ರೊಪಿಲೀನ್ ಇರಬೇಕು, ಏಕೆಂದರೆ ಅದು ನೀರಿಗಿಂತ ಹಗುರ. ನೈಲಾನ್ ತಳ ಸೇರುತ್ತದೆ. ಮುಳುಗುವುದನ್ನೇ ಕೊಳ್ಳಿ.

ಎರಡನೆಯ ಎಚ್ಚರಿಕೆ ತಣಿಸುವುದರಲ್ಲಿದೆ. ಸುತ್ತಿದ ಕಡ್ಡಿಯನ್ನು ಬಿಸಿನೀರಿನಿಂದ ತೆಗೆದೊಡನೆ ಕಡ್ಡಿಯ ಸಮೇತ ತಣ್ಣೀರಿಗೆ ಹಾಕಿ, ಒಂದು ರಾತ್ರಿ ಒಣಗಲು ಬಿಡಬೇಕು. ಆತುರಕ್ಕೆ ಬಿದ್ದು ಹೆಣಿಗೆ ಕಡ್ಡಿಯಿಂದ ಬೆಚ್ಚಗಿದ್ದಾಗಲೇ ಬಿಚ್ಚಿದ ನನ್ನ ಮೊದಲ ಕಟ್ಟು, ಕೈಯಲ್ಲಿ ಹಿಡಿದಿದ್ದಂತೆಯೇ ಅರ್ಧಕ್ಕರ್ಧ ನೆಟ್ಟಗಾಗಿತ್ತು. ಸಿದ್ಧವಾದ ಗೊಂಬೆಯನ್ನು ತಣ್ಣೀರಿನಲ್ಲೇ ತೊಳೆಯುವಂತೆ ಗಿರಾಕಿಗಳಿಗೂ ಹೇಳಿ, ಸುರುಳಿಯನ್ನು ಕೂರಿಸಿದ ಬಿಸಿನೀರೇ ಅದನ್ನು ಬಿಡಿಸಲೂ ಬಲ್ಲದು.

ಪ್ರಶ್ನೆ: ಹಳೆಯ ವಿದೇಶಿ ಗೊಂಬೆಯೊಂದರ ಕೂದಲು ‘ಸರಾನ್’ ಎಂದು ಕೇಳಿದೆ. ಸುಟ್ಟು ನೋಡಿ ಖಚಿತಪಡಿಸಿಕೊಳ್ಳಬಹುದೇ?
– ಓದುಗರೊಬ್ಬರು, ಮೈಸೂರು

ಉತ್ತರ: ದಯವಿಟ್ಟು ಸುಡಬೇಡಿ. ಸರಾನ್ ಒಂದು ಬಗೆಯ ಪ್ಲಾಸ್ಟಿಕ್, ಅದರಲ್ಲಿ ಕ್ಲೋರಿನ್ ಹೇರಳವಾಗಿದೆ, ಉರಿಸಿದರೆ ಹೈಡ್ರೊಕ್ಲೋರಿಕ್ ಆಮ್ಲದ ಹೊಗೆ ಬರುತ್ತದೆ. 1933ರಲ್ಲಿ ಅಮೆರಿಕದ ಡೌ ಕೆಮಿಕಲ್ ಕಂಪನಿಯ ಪ್ರಯೋಗಾಲಯದಲ್ಲಿ ಗಾಜಿನ ಪಾತ್ರೆ ತೊಳೆಯುತ್ತಿದ್ದ ರಾಲ್ಫ್ ವೈಲಿ ಎಂಬ ಯುವಕನಿಗೆ ಎಷ್ಟು ಉಜ್ಜಿದರೂ ಹೋಗದ ಕೊಳೆಯಾಗಿ ಕಾಣಿಸಿಕೊಂಡದ್ದು ಈ ವಸ್ತು. ಮುಂದೆ ಇದು ಆಹಾರ ಸುತ್ತುವ ಹಾಳೆಯೂ ಆಯಿತು, ಬಾರ್ಬಿಯೂ ಸೇರಿದಂತೆ ಅನೇಕ ಗೊಂಬೆಗಳ ಕೂದಲೂ ಆಯಿತು. ನೀರಿನ ಸುಮಾರು 1.7 ಪಟ್ಟು ಸಾಂದ್ರವಾದ್ದರಿಂದ ಸರಾನ್ ಕೂದಲು ಭಾರವಾಗಿ, ಎಣ್ಣೆ ಹಚ್ಚಿ ಬಾಚಿದಂತೆ ಇಳಿಬೀಳುತ್ತದೆ. ಉದುರಿದ ಒಂದೆರಡು ಎಳೆಗಳಿದ್ದರೆ ಮೇಲೆ ಹೇಳಿದ ಲೋಟದ ಪರೀಕ್ಷೆಯಲ್ಲಿ ಅವು ನೈಲಾನಿಗಿಂತ ಬೇಗ ತಳ ಸೇರುತ್ತವೆ.

ಪ್ರಶ್ನೆ: ಆಫ್ರಿಕನ್ ಮೂಲದವರ ಕೂದಲಿನಂಥ ದಟ್ಟ, ಸಣ್ಣ ಗುಂಗುರನ್ನು ಮಾಡುವುದು ಹೇಗೆ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಗೊಂಬೆ ತಯಾರಕರು ಇದರ ಕಡೆ ಗಮನ ಕೊಟ್ಟದ್ದು ತಡವಾಗಿಯೇ. ಬಾರ್ಬಿ ಮಾರುಕಟ್ಟೆಗೆ ಬಂದದ್ದು 1959ರಲ್ಲಿ. ಬಾರ್ಬಿ ಎಂಬ ಹೆಸರನ್ನೇ ಹೊತ್ತ ಕಪ್ಪು ಬಣ್ಣದ ಗೊಂಬೆ, ಕಿಟ್ಟಿ ಬ್ಲ್ಯಾಕ್ ಪರ್ಕಿನ್ಸ್ ಅವರ ವಿನ್ಯಾಸದಲ್ಲಿ, ಗಿಡ್ಡ ಗುಂಗುರು ಕೂದಲಿನೊಂದಿಗೆ ಬಂದದ್ದು 1980ರಲ್ಲಿ.

ಸಣ್ಣ ಸುರುಳಿಗೆ ಸರಳು ತೆಳುವಾಗಿರಬೇಕು. 3 ಮಿಲಿಮೀಟರ್ ದಪ್ಪದ ಕಡ್ಡಿಗೆ 1 ಮಿಲಿಮೀಟರ್ ದಪ್ಪದ ಎಳೆಗಟ್ಟನ್ನು ಒತ್ತಾಗಿ ಸುತ್ತಿದರೆ ಒಂದು ಸುತ್ತಿಗೆ ಸುಮಾರು 12 ಮಿಲಿಮೀಟರ್ ಹಿಡಿಯುತ್ತದೆ. 30 ಸೆಂಟಿಮೀಟರ್ ಉದ್ದದ ಕಟ್ಟು 25 ಸುತ್ತಾಗಿ ಕೇವಲ 2.5 ಸೆಂಟಿಮೀಟರಿಗೆ ಕುಗ್ಗುತ್ತದೆ. ಆದ್ದರಿಂದ ಕತ್ತರಿಸುವ ಮುನ್ನ ಒಂದು ಕಟ್ಟನ್ನು ಸುತ್ತಿ ಅಳೆದುಕೊಳ್ಳುವುದು ಒಳ್ಳೆಯದು. ಸುರುಳಿಗಿಂತ ಒತ್ತೊತ್ತಾದ ಅಂಕುಡೊಂಕು ಬೇಕಿದ್ದರೆ, ಎಳೆಗಳನ್ನು ಸ್ವೆಟರ್ ಹೆಣೆದಂತೆ ಹೆಣೆದು, ಹೆಣಿಗೆಯನ್ನೇ ಬಿಸಿನೀರಿನಲ್ಲಿ ಅದ್ದಿ, ತಣಿದು ಒಣಗಿದ ಮೇಲೆ ಬಿಚ್ಚಿ. ಒಂದೊಂದು ಕುಣಿಕೆಯ ಬಾಗೂ ಎಳೆಯಲ್ಲಿ ಉಳಿದಿರುತ್ತದೆ. ಜವಳಿ ಗಿರಣಿಗಳಲ್ಲಿ ನೂಲಿಗೆ ನಿರಿಗೆ ಕೊಡಲು ಬಳಸುವ ಹಳೆಯ ವಿಧಾನವೂ ಇದೇ.