ಮೂರು ಲೋನ್ ಆ್ಯಪ್‌ಲಿ ಸಾಲ ಆಗಿದೆ, ಮನೇಲಿ ಹೇಳೋಕೆ ಭಯ, ಡಿಗ್ರಿ ಓದ್ತಿರೋ ನಾನು ಏನ್ ಮಾಡ್ಲಿ?

ನಿಮ್ಮ ಪ್ರಶ್ನೆ ಪೂರ್ತಿ ಓದ್ದೆ. ಎರಡನೇ ವರ್ಷ ಬಿಕಾಂ, ಪಿಜಿ ವಾಸ, ಒಂದು ಆ್ಯಪ್ ಸಾಲ ತೀರ್ಸೋಕೆ ಇನ್ನೊಂದರಲ್ಲಿ ತಗೊಂಡು ಈಗ ಮೂರಾಗಿದೆ, ಸ್ಕಾಲರ್‌ಶಿಪ್ಪೂ ಬಂದಿಲ್ಲ, ಅದರ ಮೇಲೆ ಯಾರೋ ಸೀನಿಯರ್ "ನಿನ್ ಅಕೌಂಟ್ ಬಾಡಿಗೆಗೆ ಕೊಡು, ತಿಂಗಳಾ ದುಡ್ಡು ಬರುತ್ತೆ" ಅಂದಿದಾನೆ. ನಾನು ಕಾಲೇಜ್ ಪಕ್ಕದ ಒಂದು ಬ್ಯಾಂಕ್ ಬ್ರಾಂಚಲ್ಲಿ ಕೆಲಸ ಮಾಡೋನು, ಇದೇ ಕಥೆ ಇಟ್ಕೊಂಡು ಕೌಂಟರ್‌ಗೆ ಬರೋ ಹುಡುಗ್ರನ್ನ ನೋಡ್ತಾನೇ ಇರ್ತೀನಿ.

ಮೊದ್ಲು ಲೆಕ್ಕ ನೋಡಿ. 5,000 ಸಾಲ ಅಂತ ತೋರ್ಸಿ, ಪ್ರೊಸೆಸಿಂಗ್ ಫೀ ಅಂತ 1,500 ಮುರ್ಕೊಂಡು, ಕೈಗೆ 3,500 ಹಾಕಿ, ಏಳೇ ದಿನಕ್ಕೆ 5,000 ಕಟ್ಟು ಅಂತಾರಲ್ಲ, ಅದು ವಾರಕ್ಕೆ ನೂರಕ್ಕೆ 43 ರೂಪಾಯಿ ಹತ್ರ ಬಿತ್ತು. ಊರಲ್ಲಿ ಕೈಸಾಲಕ್ಕೆ ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಅಂದ್ರೇನೇ ನಮ್ಮಪ್ಪ ಬೈತಿದ್ರು! ಹಾಗಾಗಿ ನಾಲ್ಕನೇ ಆ್ಯಪ್ ಮುಟ್ಲೇಬೇಡಿ, ಎಷ್ಟೇ ಒತ್ತಡ ಇರ್ಲಿ.

ಆಮೇಲೆ ಮೂರರಲ್ಲಿ ಯಾವುದು ಅಸಲಿ ಯಾವುದು ಕಳ್ಳ ಅಂತ ಬೇರೆ ಮಾಡಿ. ಆರ್‌ಬಿಐ 2022ರಲ್ಲೇ ರೂಲ್ಸ್ ಮಾಡಿದೆ, ಸಾಲ ಕೊಡ್ತಿರೋ ಬ್ಯಾಂಕೋ ಎನ್‌ಬಿಎಫ್‌ಸಿಯೋ (ಬ್ಯಾಂಕ್ ಅಲ್ಲದ ಸಾಲದ ಕಂಪನಿ) ಯಾವುದು ಅಂತ ತೋರಿಸ್ಬೇಕು, ಎಲ್ಲಾ ಖರ್ಚು ಸೇರಿ ವರ್ಷದ ಬಡ್ಡಿ ಎಷ್ಟಾಗುತ್ತೆ ಅಂತ ಮೊದ್ಲೇ ಕೊಡ್ಬೇಕು, ನಿಮ್ಮ ಕಾಂಟ್ಯಾಕ್ಟ್ಸ್, ಗ್ಯಾಲರಿಗೆ ಕೈ ಹಾಕೋ ಹಾಗಿಲ್ಲ, ಬೆಳಿಗ್ಗೆ 8ಕ್ಕೆ ಮುಂಚೆ ಸಂಜೆ 7ರ ಮೇಲೆ ವಸೂಲಿ ಫೋನ್ ಮಾಡೋ ಹಾಗೂ ಇಲ್ಲ. ಅಸಲಿ ಆದ್ರೆ ಕಂತಲ್ಲಿ ಕಟ್ತೀನಿ ಅಂತ ಮೇಲ್ ಹಾಕಿ ಕೇಳಿ, ಸುಮ್ನೆ ಬಿಟ್ರೆ ಸಿಬಿಲ್ ಸ್ಕೋರ್, ಅಂದ್ರೆ ಸಾಲ ಸರಿಯಾಗಿ ತೀರ್ಸ್ತೀರಾ ಅಂತ ತೋರ್ಸೋ ಅಂಕ, ಹೋಗುತ್ತೆ, ಮುಂದೆ ಎಜುಕೇಶನ್ ಲೋನ್‌ಗೆ ಬಂದಾಗ ನಮ್ಮಂಥೋರೇ ಅದನ್ನ ಹಿಡ್ಕೊಂಡು ಪ್ರಶ್ನೆ ಮಾಡೋದು. ಕಳ್ಳ ಆ್ಯಪ್ ಆಗಿದ್ದು ಫೋಟೋ ಎಡಿಟ್ ಮಾಡಿ ಕಳಿಸ್ತೀವಿ ಅಂತ ಹೆದರಿಸ್ತಿದ್ರೆ ಸ್ಕ್ರೀನ್‌ಶಾಟ್ ಎಲ್ಲಾ ಇಟ್ಕೊಂಡು ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಆರ್‌ಬಿಐದು ಸಚೇತ್ ಪೋರ್ಟಲ್ ಇದೆ, ಅಲ್ಲೂ ದೂರು ಹಾಕ್ಬಹುದು.

ಮನೆ ವಿಷ್ಯ. ಆ್ಯಪ್‌ನೋರ ಹತ್ರ ಇರೋ ದೊಡ್ಡ ಆಯುಧ ಅಂದ್ರೆ "ನಿಮ್ಮಪ್ಪಂಗೆ ಹೇಳ್ತೀವಿ" ಅನ್ನೋದೇ, ನೀವೇ ಮೊದ್ಲು ಹೇಳಿಬಿಟ್ರೆ ಅದಕ್ಕೆ ಬೆಲೆ ಇಲ್ಲ. ಅಪ್ಪನ ಹತ್ರ ಬಾಯಿ ಬರ್ಲಿಲ್ಲ ಅಂದ್ರೆ ಅಮ್ಮನೋ ಅಕ್ಕನೋ ಸೋದರಮಾವನೋ, ಯಾರಾದ್ರೂ ಒಬ್ರು, ಪೂರ್ತಿ ಮೊತ್ತ ಹೇಳಿ, ಅರ್ಧ ಮುಚ್ಚಿಟ್ಟು ಹೇಳಿದ್ರೆ ಮತ್ತೆ ಅದೇ ಭಯ. ರಾತ್ರಿ ನಿದ್ದೆ ಬರ್ತಿಲ್ಲ ಅಂತ ಬೇರೆ ಬರ್ದಿದೀರಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ.

ಸ್ಕಾಲರ್‌ಶಿಪ್ ನಿಜವಾಗ್ಲೂ ಬಂದಿಲ್ವಾ ಅಂತ ಒಂದ್ಸಲ ನೋಡಿ. ಎಸ್‌ಎಸ್‌ಪಿ (ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್) ದುಡ್ಡು ನೀವು ಅಂದ್ಕೊಂಡಿರೋ ಅಕೌಂಟ್‌ಗೇ ಬರ್ಬೇಕು ಅಂತಿಲ್ಲ, ಬ್ಯಾಂಕ್ ಪಾವತಿ ನಡೆಸೋ ಸಂಸ್ಥೆ ಎನ್‌ಪಿಸಿಐನಲ್ಲಿ ಆಧಾರ್ ಯಾವ ಬ್ಯಾಂಕಿಗೆ ಮ್ಯಾಪ್ (ಜೋಡಣೆ) ಆಗಿದ್ಯೋ ಅಲ್ಲಿಗೆ ಹೋಗುತ್ತೆ, ಹೈಸ್ಕೂಲಲ್ಲಿ ತೆಗ್ಸಿ ಮರೆತ ಅಕೌಂಟಲ್ಲಿ ದುಡ್ಡು ಬಿದ್ದಿರೋದನ್ನ ನಾನೇ ಎಷ್ಟೋ ಜನಕ್ಕೆ ಹುಡುಕಿ ಕೊಟ್ಟಿದೀನಿ. ಆಧಾರ್ ವೆಬ್‌ಸೈಟಲ್ಲೇ ಯಾವ ಬ್ಯಾಂಕು ಅಂತ ಗೊತ್ತಾಗುತ್ತೆ.

ಆ ಸೀನಿಯರ್‌ಗೆ ಮಾತ್ರ ಖಡಾಖಂಡಿತ ಆಗಲ್ಲ ಅನ್ನಿ. ಬಾಡಿಗೆ ಅಕೌಂಟ್‌ಗೆ ಬರೋದು ಯಾರ್ದೋ ಮೋಸ ಹೋದ ದುಡ್ಡು, ಅಕೌಂಟ್ ಫ್ರೀಜ್ ಆದಾಗ ಪೊಲೀಸ್ರು ಹುಡುಕ್ಕೊಂಡು ಬರೋದು ಪಾಸ್‌ಬುಕ್‌ನಲ್ಲಿರೋ ಹೆಸರಿನ ಮನೆಗೆ. ಎಟಿಎಂ ಕಾರ್ಡು ಸಿಮ್ಮು ಈಗಾಗ್ಲೇ ಕೊಟ್ಟಿದ್ರೆ ಇವತ್ತೇ ಬ್ಲಾಕ್ ಮಾಡ್ಸಿ, ನಾಳೆ ಬ್ರಾಂಚ್‌ಗೆ ಹೋಗಿ ನಡೆದಿದ್ದನ್ನ ಬರವಣಿಗೇಲಿ ಕೊಡಿ.