ಅಲೆಕ್ಸಾಂಡರನ ಬೆಳ್ಳಿ ನಾಣ್ಯ: ಮುಖಕ್ಕಿಂತ ಮೊದಲು ತೂಕ, ಅಂಚು ನೋಡಿ

ಪ್ರಶ್ನೆ: ಅಲೆಕ್ಸಾಂಡರನ ಟೆಟ್ರಾಡ್ರಾಕ್ಮ್ (ನಾಲ್ಕು ಡ್ರಾಕ್ಮ್ ಬೆಲೆಯ ಗ್ರೀಕ್ ಬೆಳ್ಳಿ ನಾಣ್ಯ) ಒಂದನ್ನು ಕೊಳ್ಳಬೇಕೆಂದಿದ್ದೇನೆ. ತೂಕ 16.1 ಗ್ರಾಂ, ಅಂಚಿನಲ್ಲಿ ಸಣ್ಣ ಗೆರೆಯಿದೆ, ಅಲೆಕ್ಸಾಂಡರನ ಮುಖ ಮಾತ್ರ ಬಹಳ ಸ್ಪಷ್ಟ. ಅಸಲಿ ಎಂದು ನಂಬಬಹುದೇ?

ಉತ್ತರ: ಈಗಲೇ ಹಣ ಕೊಡಬೇಡಿ. ಈ ನಾಣ್ಯ ಅಥೆನ್ಸಿನ ತೂಕಮಾನದ್ದು, ಟಂಕಿಸಿದಾಗ ಸುಮಾರು 17.2 ಗ್ರಾಂ. ಸವೆದದ್ದೂ ಸಾಮಾನ್ಯವಾಗಿ 16.8ರ ಆಸುಪಾಸಿನಲ್ಲಿರುತ್ತದೆ. ಹೆಚ್ಚು ಸವೆತವಿಲ್ಲದೆ 16.1 ಇದ್ದರೆ ಅನುಮಾನಿಸಲೇಬೇಕು. ಅಲೆಕ್ಸಾಂಡರನ ನಂತರ ಈಜಿಪ್ಟನ್ನು ಆಳಿದ ಟಾಲೆಮಿ ವಂಶದ ರಾಜರು ಮಾತ್ರ ತಮ್ಮ ಟೆಟ್ರಾಡ್ರಾಕ್ಮನ್ನು ಸುಮಾರು 14.2 ಗ್ರಾಂಗೆ ಇಳಿಸಿಕೊಂಡಿದ್ದರು. ಆದ್ದರಿಂದ ಯಾರ ನಾಣ್ಯ ಎಂದು ತಿಳಿಯದೆ ತೂಕದ ಲೆಕ್ಕ ಹಿಡಿಯಬಾರದು. ಇನ್ನು ಆ ಮುಖ ಅಲೆಕ್ಸಾಂಡರನದಲ್ಲ: ಸಿಂಹದ ತೊಗಲನ್ನು ತಲೆಗೆ ಹೊದ್ದವನು ಗ್ರೀಕ್ ಪುರಾಣದ ವೀರ ಹೆರಾಕ್ಲಿಸ್. ಹಿಂಬದಿಯಲ್ಲಿ ಹದ್ದು ಹಿಡಿದು ಕುಳಿತವನು ಗ್ರೀಕ್ ದೇವರಾಜ ಝ್ಯೂಸ್. ಅಲೆಕ್ಸಾಂಡರ್ ಕ್ರಿ.ಪೂ. 323ರಲ್ಲಿ ಸತ್ತ ಮೇಲೂ ಇದೇ ಮಾದರಿಯನ್ನು ಎಷ್ಟೋ ನಗರಗಳು ಇನ್ನೂರು ವರ್ಷಕ್ಕೂ ಮಿಕ್ಕಿ ಟಂಕಿಸಿದವು. 'ಅವನ ಕಾಲದ್ದು' ಎಂದು ಹೆಚ್ಚು ಬೆಲೆ ಹೇಳಿದರೆ ಯಾವ ಟಂಕಸಾಲೆ, ಪ್ರೈಸ್ ಸೂಚಿಯ (ಮಾರ್ಟಿನ್ ಪ್ರೈಸ್ ಮಾಡಿದ ಅಲೆಕ್ಸಾಂಡರ್ ನಾಣ್ಯಗಳ ಪಟ್ಟಿ) ಯಾವ ಸಂಖ್ಯೆ ಎಂದು ಕೇಳಿ. ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯ 'ಪೆಲ್ಲಾ' ಜಾಲತಾಣದಲ್ಲಿ ಆ ಸಂಖ್ಯೆ ಹಾಕಿ ಚಿತ್ರ ಹೋಲಿಸಬಹುದು.

ಆ ಗೆರೆಯನ್ನು ಹತ್ತು ಪಟ್ಟಿನ ಮಸೂರದಲ್ಲಿ ನೋಡಿ. ಅಂಚಿನ ನಡುವೆ ಸುತ್ತಲೂ ಓಡಿದ್ದರೆ, ಅಥವಾ ಅದನ್ನು ಅರದಿಂದ ಉಜ್ಜಿದ ಗುರುತಿದ್ದರೆ, ಅದು ಎರಡು ಅಚ್ಚುಗಳ ನಡುವೆ ಎರಕ ಹೊಯ್ದ ನಕಲು. ಅಂಚಿನಿಂದ ಒಳಕ್ಕೆ ಸೀಳಿದ ಬಿರುಕಾದರೆ ಅದು ಟಂಕಿಸುವಾಗ ಬಿದ್ದ ಸುತ್ತಿಗೆ ಏಟಿನದಿರಬಹುದು, ಅದರಿಂದ ಹೆದರಬೇಕಿಲ್ಲ. ಎರಕದ್ದರಲ್ಲಿ ಅಕ್ಷರಗಳ ಬುಡ ಕರಗಿದಂತೆ ಮೆತ್ತಗಿರುತ್ತದೆ, ಮೈಮೇಲೆ ಗುಳ್ಳೆಯ ಸಣ್ಣ ಕುಳಿಗಳಿರುತ್ತವೆ.

ಒಳಗೆ ತಾಮ್ರವಿಟ್ಟು ಮೇಲೆ ಬೆಳ್ಳಿ ಹೊದಿಸಿದ ನಾಣ್ಯಗಳು ಪ್ರಾಚೀನ ಕಾಲದಲ್ಲೇ ಇದ್ದವು. ಅವನ್ನು ಹಿಡಿಯಲು ಸಾಪೇಕ್ಷ ಸಾಂದ್ರತೆ, ಎಂದರೆ ಅಷ್ಟೇ ಗಾತ್ರದ ನೀರಿಗಿಂತ ಎಷ್ಟು ಪಟ್ಟು ಭಾರ ಎಂಬುದನ್ನು ಅಳೆಯಬೇಕು. 0.01 ಗ್ರಾಂ ತೋರಿಸುವ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ. ನಾಣ್ಯವನ್ನು ತೆಳು ನೂಲಿನಲ್ಲಿ ಕಟ್ಟಿ, ತಳ, ಗೋಡೆ ತಾಗದಂತೆ ಪೂರ್ತಿ ಮುಳುಗಿಸಿ. ಗುಳ್ಳೆ ಅಂಟಿದ್ದರೆ ಅಲುಗಿಸಿ ಬಿಡಿಸಿ. ಒಣ ತೂಕವನ್ನು ತಕ್ಕಡಿ ಈಗ ತೋರಿಸುವ ಅಂಕಿಯಿಂದ ಭಾಗಿಸಿ. 16.10 ಗ್ರಾಂಗೆ 1.56 ಬಂದರೆ 10.3, ಒಳ್ಳೆಯ ಬೆಳ್ಳಿಗೆ ಸಲ್ಲುವ ಅಂಕಿ. 1.75 ಬಂದರೆ 9.2, ಒಳಗೆ ತಾಮ್ರವಿರುವ ಸಂಭವ ಹೆಚ್ಚು. ಒಳಗೆ ಪೊಳ್ಳಾದ ಹಳೆಯ ಬೆಳ್ಳಿಯೂ ಕಡಿಮೆ ತೋರಿಸುವುದುಂಟು.

ಒಳ್ಳೆಯ ಬೆಳ್ಳಿಯಲ್ಲೇ ಈಗ ಒತ್ತಿದ ನಕಲನ್ನು ಈ ಪರೀಕ್ಷೆ ಹಿಡಿಯದು. ಅಲ್ಲಿ ಹೋಲಿಕೆಯೇ ದಾರಿ. ಒಂದೇ ಟಂಕದ ಅಚ್ಚಿನಿಂದ ಹೊಡೆದ ಎರಡು ಅಸಲಿ ನಾಣ್ಯ ಸಿಗುವುದು ಸಹಜ. ಆದರೆ ಒಂದೊಂದನ್ನೂ ಕೈಯಿಂದ ಹೊಡೆದಿರುವುದರಿಂದ ಬಿಲ್ಲೆಯ ಆಕಾರ, ಚಿತ್ರ ಪಕ್ಕಕ್ಕೆ ಸರಿದ ರೀತಿ, ಗೀರು ಎಲ್ಲವೂ ಹೊಂದಲಾರವು. ಹಳೆಯ ಹರಾಜಿನ ಚಿತ್ರಗಳಲ್ಲಿ ಹಾಗೆ ಪೂರ್ತಿ ಹೊಂದುವ ಜೋಡಿ ಸಿಕ್ಕರೆ ಕೊಳ್ಳಬೇಡಿ.

ಪ್ರಶ್ನೆ: ಇಂಡೋ-ಗ್ರೀಕ್ ರಾಜ ಮಿನಾಂಡರನ ಒಂದು ಡ್ರಾಕ್ಮ್ ಕಪ್ಪಾಗಿದೆ. ವಿಭೂತಿಯಿಂದ ಉಜ್ಜಬಹುದೇ? ಪ್ರಮಾಣಪತ್ರಕ್ಕೆ ಅಮೆರಿಕಕ್ಕೆ ಕಳಿಸಬಹುದೇ?

ಉತ್ತರ: ಎರಡೂ ಬೇಡ. ಮನೆಯ ದೀಪ, ತಟ್ಟೆಗೆ ವಿಭೂತಿ, ಹುಣಸೆಹಣ್ಣು ಸರಿ. ಇಲ್ಲಿ ಕೇವಲ 2.45 ಗ್ರಾಂ ತೂಗುವ ನಾಣ್ಯದ ಗ್ರೀಕ್ ಮತ್ತು ಖರೋಷ್ಠಿ ಅಕ್ಷರಗಳೇ ಸವೆದುಹೋಗುತ್ತವೆ, ಬೆಲೆಯೂ ಬೀಳುತ್ತದೆ. ಕಪ್ಪು ಬಣ್ಣ ಬೆಳ್ಳಿಯ ಸಲ್ಫೈಡ್, ಅದು ಕೇಡಲ್ಲ. ಮಣ್ಣು ಅಂಟಿದ್ದರೆ ಡಿಸ್ಟಿಲ್ಡ್ ವಾಟರಿನಲ್ಲಿ ಕೆಲವು ದಿನ ನೆನೆಸಿ, ನೀರು ಬದಲಿಸುತ್ತಿರಿ. ಜಿಡ್ಡಿಗೆ ಅಸಿಟೋನ್ ಸಾಕು. ಹಳೆಯ ಬೆಳ್ಳಿ ಒಳಗೊಳಗೇ ಪೆಡಸಾಗಿರುತ್ತದೆ, ಕೈಜಾರಿ ಬಿದ್ದರೆ ಒಡೆಯಬಹುದು. ಮೆತ್ತನೆಯ ಬಟ್ಟೆಯ ಮೇಲೆಯೇ ಹಿಡಿದು ನೋಡಿ. ಪಿವಿಸಿ ಲಕೋಟೆಯಲ್ಲಿಡಬೇಡಿ, ಹಸಿರು ಅಂಟು ಕೂರುತ್ತದೆ. ಮೈಲಾರ್ ಎಂಬ ಪ್ಲಾಸ್ಟಿಕ್ಕಿನ ಲಕೋಟೆ ಒಳ್ಳೆಯದು.

ನೂರು ವರ್ಷ ದಾಟಿದ ನಾಣ್ಯ 1972ರ ಪುರಾತನ ವಸ್ತುಗಳ ಕಾಯ್ದೆಯಡಿ ಬರುತ್ತದೆ. ಅದನ್ನು ಖಾಸಗಿ ವ್ಯಕ್ತಿ ಹೊರದೇಶಕ್ಕೆ ಕಳಿಸುವುದು ಅಪರಾಧ. ನಾಣ್ಯವನ್ನು ಇಲ್ಲಿಯೇ ಒಬ್ಬ ನಾಣ್ಯಶಾಸ್ತ್ರಜ್ಞರಿಗೆ ತೋರಿಸಿ. ಖರೀದಿಯ ರಸೀದಿಯನ್ನು ಅದರ ಜೊತೆಯಲ್ಲೇ ಇಟ್ಟಿರಿ.